ಸಭಾಕಂಪನ: ಮನೆಯಲ್ಲಿ ಬಂದ ಬಾಯಿಪಾಠ ಮೈಕಿನ ಮುಂದೆ ಎಲ್ಲಿ ಹೋಗುತ್ತದೆ?

(ಧಾರವಾಡದಲ್ಲಿ ಪ್ರಾಥಮಿಕ ಶಾಲೆಗಳ ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪಾಲಕರಿಗೆ, ಶಿಕ್ಷಕ ಬಂಧುಗಳಿಗೆ ನಮಸ್ಕಾರ.

ಪ್ರತಿಭಾ ಕಾರಂಜಿಯ ಕಂಠಪಾಠವಿರಲಿ, ಆಗಸ್ಟ್ 15ರ ಭಾಷಣವಿರಲಿ, ವರ್ಷದ ಗ್ಯಾದರಿಂಗ್ ಇರಲಿ, ಮಗು ವೇದಿಕೆಯ ಮೇಲೆ ಮೂರನೆಯ ಸಾಲಿಗೆ ನಿಂತುಬಿಟ್ಟರೆ ಕೆಳಗೆ ಕೂತ ಅವ್ವ ಪಕ್ಕದವರಿಗೆ ಹೇಳುವ ಮಾತು ಒಂದೇ: "ಮನ್ಯಾಗ ಎಷ್ಟ್ ಛಂದ ಹೇಳ್ತಿತ್ತರೀ." ಅವ್ವ ಹೇಳುವುದು ಖರೆ. ಮಗು ಮನೆಯಲ್ಲಿ ತಪ್ಪಿಲ್ಲದೆ ಹೇಳಿದೆ, ಬೆಳಿಗ್ಗೆ ರಿಕ್ಷಾದಲ್ಲಿ ಕೂತು ಹೇಳಿದೆ, ಶಾಲೆಯ ಗೇಟಿನ ತನಕ ಹೇಳಿಕೊಂಡೇ ಬಂದಿದೆ. ಮೈಕಿನ ಮುಂದೆ ಬಂದಾಗ ಮಾತ್ರ ಹೋಯಿತು. ಯಾಕೆ ಹೋಗುತ್ತದೆ, ಹೋಗದ ಹಾಗೆ ಮೂರು ವಾರ ಮೊದಲಿನಿಂದ ಏನು ಮಾಡಬೇಕು, ಹೋದರೂ ಆ ಹೊತ್ತಿಗೆ ಏನು ಮಾಡಬೇಕು, ಇದಿಷ್ಟೇ ಇವತ್ತಿನ ವಿಷಯ.

ನಾನು ಒತ್ತಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಮಕ್ಕಳಿಗೆ ಪದ್ಯದ ತಾಲೀಮು ಕೊಡುತ್ತೇವೆ, ನಾಲ್ಕು ಮಂದಿ ತನ್ನನ್ನೇ ನೋಡುತ್ತಿರುವಾಗ ನಿಲ್ಲುವ ತಾಲೀಮು ಕೊಡುವುದಿಲ್ಲ. ಐವತ್ತು ಸಲ ಪದ್ಯ ಹೇಳಿಸಿರುತ್ತೇವೆ, ಐವತ್ತೂ ಸಲ ಎದುರಿಗೆ ಇದ್ದವಳು ಅವ್ವ ಒಬ್ಬಳೇ. ನೂರಾರು ಕಣ್ಣು, ಮೈಕಿನ ದನಿ, ಬೆಳಕು, ಚುಚ್ಚುವ ಹೊಸ ಅಂಗಿ, ಗಂಟೆಗಟ್ಟಲೆ ಕಾಯುವುದು, ಇವೆಲ್ಲ ಒಂದೇ ದಿನ ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ. ಧೈರ್ಯದ ಮಾತು ಎಷ್ಟು ಹೇಳಿದರೂ ಆ ಕೊರತೆ ತುಂಬುವುದಿಲ್ಲ.

ಮೈಯಲ್ಲಿ ಆಗುವುದನ್ನು ಮೊದಲು ನೋಡೋಣ. ಹೆಸರು ಕರೆದ ಕೂಡಲೇ ಮೂತ್ರಪಿಂಡಗಳ ಮೇಲೆ ಇರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ. ರಕ್ತ ಚರ್ಮ ಮತ್ತು ಕರುಳಿನ ಕಡೆ ಕಡಿಮೆಯಾಗಿ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಹೊರಳುತ್ತದೆ. ಹಾಗಾಗಿ ಬೆರಳು ತಣ್ಣಗಾಗುತ್ತವೆ, ಹೊಟ್ಟೆಯಲ್ಲಿ ಕಲಮಲ ಶುರುವಾಗುತ್ತದೆ. ಜೊಲ್ಲು ಬತ್ತಿ ನಾಲಿಗೆ ಅಂಟಿಕೊಳ್ಳುತ್ತದೆ. ಗಂಟಲಿನ ಸ್ನಾಯುಗಳು ಬಿಗಿದು ದನಿ ಇದ್ದುದಕ್ಕಿಂತ ಮೇಲೆ ಹೋಗುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುವುದರಿಂದ ಸಾಲು ಮುಗಿಯುವ ಮುಂಚೆ ಗಾಳಿ ತೀರುತ್ತದೆ. ಒಂದಕ್ಕೆ ಹೋಗಬೇಕು ಅನ್ನಿಸುತ್ತದೆ. ದೊಡ್ಡವರಿಗೂ ಇದೆಲ್ಲ ಆಗುತ್ತದೆ, ಆದರೆ ಇದು ಅಂಜಿಕೆ ಎಂದು ಅವರಿಗೆ ಗೊತ್ತಿರುತ್ತದೆ. ಏಳು ವರ್ಷದ ಮಗುವಿಗೆ ತನಗೆ ಜಡ್ಡು ಬಂತು ಅಂತಲೇ ಅನ್ನಿಸುತ್ತದೆ. ಕಾರ್ಯಕ್ರಮದ ದಿನ ಬೆಳಿಗ್ಗೆ "ಅವ್ವಾ, ಹೊಟ್ಟಿ ಕಡ್ಯಾಕತ್ತೈತಿ" ಅಂದರೆ ಅದು ಸುಳ್ಳು ನೆಪವಲ್ಲ, ಹೊಟ್ಟೆ ನಿಜಕ್ಕೂ ನೋಯುತ್ತಿರುತ್ತದೆ. ಒಂದು ವಾರ ಮೊದಲೇ ಮಗುವಿಗೆ ತಿಳಿಸಿ ಹೇಳಿ: ಎದೆ ಢವಢವ ಅನ್ನುತ್ತದೆ, ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ಎಲ್ಲರಿಗೂ ಆಗುತ್ತದೆ, ಪದ್ಯ ಶುರುವಾದ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ.

ಈ "ತಾನೇ ಇಳಿಯುತ್ತದೆ" ಅನ್ನುವುದು ಸಮಾಧಾನಕ್ಕೆ ಹೇಳುವ ಮಾತಲ್ಲ. ಅಂಜಿಕೆ ಅತಿ ಹೆಚ್ಚಿರುವುದು ಕಾಯುವ ಕೊನೆಯ ಕ್ಷಣಗಳಲ್ಲಿ ಮತ್ತು ಬಾಯಿ ತೆರೆದ ಮೊದಲ ಒಂದೆರಡು ನಿಮಿಷಗಳಲ್ಲಿ. ನಿಂತುಕೊಂಡವರಿಗೆ ಅದು ಇಳಿಯುವುದು ಗೊತ್ತಾಗುತ್ತದೆ. ಓಡಿ ಬಂದ ಮಗುವಿಗೆ ಆ ಇಳಿಯುವ ಭಾಗ ಸಿಗುವುದೇ ಇಲ್ಲ. ಅದಕ್ಕೆ ಸಿಗುವುದು ಕೆಳಗಿಳಿದ ಕೂಡಲೇ ಬರುವ ನಿರಾಳ ಮಾತ್ರ. ಓಡಿದರೆ ಹಿತ ಅನ್ನುವ ಪಾಠವನ್ನು ಮೈ ಕಲಿಯುತ್ತದೆ, ಮುಂದಿನ ಸಲ ಅಂಜಿಕೆ ಇನ್ನೂ ಬೇಗ ಬರುತ್ತದೆ. ಒಂದು ಸಲ ಅತ್ತು ಇಳಿದ ಮಗುವನ್ನು ಪಾಪ ಅಂತ ಹಾಗೇ ಬಿಟ್ಟುಬಿಡುವುದು ಈ ಕಾರಣಕ್ಕೇ ಸರಿಯಲ್ಲ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಇನ್ನು ಬಾಯಿಪಾಠ. 1965ರಲ್ಲಿ ರಾಬರ್ಟ್ ಜಾಯನ್ಸ್ (Zajonc) ಎಂಬ ಮನೋವಿಜ್ಞಾನಿ ಒಂದು ಮಾತನ್ನು ಸ್ಪಷ್ಟವಾಗಿ ಮುಂದಿಟ್ಟರು: ನೋಡುವವರಿದ್ದಾಗ ಚೆನ್ನಾಗಿ ಪಳಗಿದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಅರ್ಧಂಬರ್ಧ ಕಲಿತ ಕೆಲಸ ಇನ್ನೂ ಕೆಡುತ್ತದೆ. ನಾಲ್ಕು ವರ್ಷಗಳ ನಂತರ ಅವರೂ ಸಂಗಡಿಗರೂ ಜಿರಲೆಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಬೇರೆ ಜಿರಲೆಗಳು ನೋಡುವ ಹಾಗಿದ್ದಾಗ ನೇರ ದಾರಿಯಲ್ಲಿ ಜಿರಲೆ ಬೇಗ ಓಡಿತು, ತಿರುವಿನ ದಾರಿಯಲ್ಲಿ ನಿಧಾನವಾಯಿತು. ನಮ್ಮ ಕೆಲಸಕ್ಕೆ ಇದರಿಂದ ಸಿಗುವ ಸೂತ್ರ ಇಷ್ಟು: ಮನೆಯಲ್ಲಿ ಹತ್ತರಲ್ಲಿ ಎಂಟು ಸಲ ಸರಿ ಬರುವ ಪದ್ಯ ವೇದಿಕೆಗೆ ಸಾಲದು. ಹತ್ತಕ್ಕೆ ಹತ್ತು ಸರಿ ಬಂದ ಮೇಲೂ ಒಂದು ವಾರ ಹೇಳಿಸಬೇಕು. ಕಾರ್ಯಕ್ರಮಕ್ಕೆ ನಾಲ್ಕು ದಿನ ಉಳಿದಾಗ ಪದ್ಯ ಬದಲಿಸುವುದು, "ಇನ್ನೊಂದ್ ನುಡಿ ಸೇರ್ಸೂಣು" ಅನ್ನುವುದು, ಹೊಸ ಹೆಜ್ಜೆ ಕಲಿಸುವುದು, ಇವು ಮಗುವನ್ನು ಕೈಯಾರೆ ಬೀಳಿಸಿದ ಹಾಗೆ.

ಬಾಯಿಪಾಠ ಮಾಡಿಸುವ ರೀತಿಯಲ್ಲೂ ಎರಡು ತೊಡಕಿವೆ. ಒಂದು, ಮಗು ಪದ್ಯವನ್ನು ಸರಪಳಿಯ ಹಾಗೆ ಕಲಿತಿರುತ್ತದೆ. ಒಂದು ಕೊಂಡಿ ಕಳಚಿದರೆ ಮುಂದಿನದಕ್ಕೆ ದಾರಿಯೇ ಇಲ್ಲ, ಮೊದಲಿನಿಂದ ಶುರು ಮಾಡಬೇಕು. ಮೊದಲಿನಿಂದ ಹೇಳಿದರೆ ಮತ್ತೆ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಉಪಾಯ ಪದ್ಯದ ನಡುವೆ ಗೂಟ ನೆಡುವುದು. ಹನ್ನೆರಡು ಸಾಲಿನ ಪದ್ಯವಾದರೆ ಒಂದು, ನಾಲ್ಕು, ಏಳು ಮತ್ತು ಹತ್ತನೆಯ ಸಾಲು ಗೂಟ. ಆ ನಾಲ್ಕು ಸಾಲಿನ ಮೊದಲ ಎರಡೆರಡು ಶಬ್ದಗಳನ್ನು ಚೀಟಿಯಲ್ಲಿ ಬರೆದು ಮಡಚಿ ಡಬ್ಬಿಗೆ ಹಾಕಿ. ಮಗು ಚೀಟಿ ಎತ್ತಲಿ, ಯಾವುದು ಬಂತೋ ಅಲ್ಲಿಂದ ಕೊನೆಯ ತನಕ ಹೇಳಲಿ. ದಿನಕ್ಕೆ ಐದು ಚೀಟಿ ಸಾಕು. ವಾರದೊಳಗೆ ಯಾವ ಗೂಟದಿಂದಲಾದರೂ ಹೊರಡುವುದು ರೂಢಿಯಾಗುತ್ತದೆ. ವೇದಿಕೆಯಲ್ಲಿ ಐದನೆಯ ಸಾಲು ಹೋದರೆ ಏಳಕ್ಕೆ ಹಾರಿ ಹೇಳಿಕೊಂಡು ಹೋಗುತ್ತದೆ. ಕೇಳುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಮೊದಲ ಸಾಲು ಮತ್ತು ಕೊನೆಯ ಸಾಲಿಗೆ ಮಾತ್ರ ಎರಡು ಪಟ್ಟು ತಾಲೀಮು ಬೇಕು. ಮೊದಲನೆಯದು ಅಂಜಿಕೆ ಅತಿ ಹೆಚ್ಚಿರುವಾಗ ಬರಬೇಕಾದ್ದು, ಕೊನೆಯದು ಮಗು ಹೆಮ್ಮೆಯಿಂದ ಕೆಳಗಿಳಿಯಲು ಬೇಕಾದ್ದು.

ಎರಡನೆಯ ತೊಡಕು ಭಾಷಣಕ್ಕೆ ಸಂಬಂಧಿಸಿದ್ದು, ನಮ್ಮ ಭಾಗದಲ್ಲಿ ಇದು ಬಹಳ. ಮನೆಯಲ್ಲಿ "ಹಂಗಲ್ಲರೀ, ಹಿಂಗರೀ" ಅನ್ನುವ ಮಗುವಿಗೆ ನಾವು ಬರೆದುಕೊಡುವ ಭಾಷಣ ಹೇಗಿರುತ್ತದೆ? "ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಮುಖ್ಯ ಅತಿಥಿಗಳೇ, ಪೂಜ್ಯ ಗುರುವೃಂದದವರೇ, ನನ್ನ ನಲ್ಮೆಯ ಸಹಪಾಠಿಗಳೇ." ಎದೆ ಅತಿ ಜೋರಾಗಿ ಬಡಿದುಕೊಳ್ಳುವ ಹೊತ್ತಿಗೆ ಇಡೀ ಭಾಷಣದ ಅತಿ ಕಠಿಣ ಶಬ್ದಗಳನ್ನು ಮಗುವಿನ ಬಾಯಿಗೆ ತುರುಕಿದ ಹಾಗಾಯಿತು. ಅದನ್ನು "ಎಲ್ಲರಿಗೂ ನಮಸ್ಕಾರ" ಎಂಬ ಎರಡು ಶಬ್ದಕ್ಕೆ ಇಳಿಸಿ. ಭಾಷಣದ ಒಳಗೂ ಅಷ್ಟೇ: ಮಗು ಮೊದಲು ವಿಷಯವನ್ನು ತನ್ನ ಮಾತಿನಲ್ಲಿ ಅಜ್ಜಿಗೆ ಹೇಳಲಿ. "ಕನಕದಾಸರು ಹಾವೇರಿ ಜಿಲ್ಲಾದ ಬಾಡದಾಗ ಹುಟ್ಟಿದ್ರು" ಅಂತಲೇ ಹೇಳಲಿ. ಅದು ಗಟ್ಟಿಯಾದ ಮೇಲೆ ಬರಹದ ಕನ್ನಡಕ್ಕೆ ಹೋಗಲಿ. ಆಗ ಒಂದು ಶಬ್ದ ಮರೆತರೆ ಅದರ ಜಾಗಕ್ಕೆ ಇನ್ನೊಂದು ಶಬ್ದ ಮಗುವಿನ ಬಳಿಯೇ ಇರುತ್ತದೆ. ತನ್ನದಲ್ಲದ ಶಬ್ದ ಮರೆತಾಗ ಅದರ ಬದಲಿಗೆ ಇಡಲು ಮಗುವಿನ ಬಳಿ ಏನೂ ಇರುವುದಿಲ್ಲ. ನಾಲ್ಕನೆಯ ತರಗತಿಯ ತನಕ ಭಾಷಣ ಎರಡು ನಿಮಿಷ ದಾಟದಿರಲಿ.

ಈಗ ಮುಖ್ಯ ಭಾಗಕ್ಕೆ ಬರುತ್ತೇನೆ, ಅಂದರೆ ಮಂದಿಯ ಎದುರು ನಿಲ್ಲುವ ತಾಲೀಮಿಗೆ. ಇದರ ಮಾದರಿಯನ್ನು ಹೊರಗಿನಿಂದ ತರಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಶ್ರಾವಣದ ಭಜನೆ ನೋಡಿ. ಮಗು ಮೊದಲ ವರ್ಷ ಅಪ್ಪನ ತೊಡೆಯ ಮೇಲೆ ಕೂತಿರುತ್ತದೆ. ಆಮೇಲೆ ಕೈಗೆ ತಾಳ ಬರುತ್ತದೆ. ಆಮೇಲೆ ಎಲ್ಲರ ಜೊತೆ ಹಿಂದಿನಿಂದ ಸಾಲು ಎತ್ತಿ ಹೇಳುತ್ತದೆ, ಅದರ ದನಿ ಹತ್ತು ದನಿಗಳ ಒಳಗೆ ಅಡಗಿರುತ್ತದೆ. ಕೆಲವು ವರ್ಷ ಕಳೆದ ಮೇಲೆ ಒಂದು ರಾತ್ರಿ ಯಾರೋ "ಈ ನುಡಿ ನೀ ಹೇಳೋ ತಮ್ಮಾ" ಅನ್ನುತ್ತಾರೆ. ಒಬ್ಬನೇ ಹಾಡಿದ ಆ ನುಡಿ ತಪ್ಪಿದರೆ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಬಹುಮಾನವಿಲ್ಲ, ಅಂಕವಿಲ್ಲ, ನಾಳೆ ಮತ್ತೆ ಭಜನೆ ಇರುತ್ತದೆ. ಸಭಾಕಂಪನಕ್ಕೆ ಮನೋವೈದ್ಯರು ಮಾಡಿಸುವ ಹಂತಹಂತದ ರೂಢಿಯ ತತ್ವವೆಲ್ಲ ಇದರೊಳಗಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಯುವ ಮಕ್ಕಳಿಗೂ ಹಾಡುವುದು ಅಂದರೆ ಮೊದಲ ದಿನದಿಂದಲೇ ಸುತ್ತ ಕೇಳುವವರಿರುವಾಗ ಹಾಡುವುದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಗಂಗೂಬಾಯಿ ಹಾನಗಲ್ಲರಿಗೆ 11 ವರ್ಷ. ಅವರ ತಾಯಿ ಅಂಬಾಬಾಯಿ ಸ್ವತಃ ಗಾಯಕಿ, ಹಾಡುವವರೂ ಕೇಳುವವರೂ ಆ ಹುಡುಗಿಗೆ ಮನೆಯಲ್ಲೇ ಇದ್ದರು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗಲೇ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಇವರ ಪ್ರತಿಭೆ ದೊಡ್ಡದು, ಸರಿ. ಆದರೆ ಕಣ್ಣುಗಳ ಎದುರು ನಿಲ್ಲುವ ರೂಢಿಯನ್ನು ಅವರ ಸುತ್ತಲಿನ ವ್ಯವಸ್ಥೆ ಕೊಟ್ಟಿತ್ತು. ಇವತ್ತಿನ ನಮ್ಮ ಮಗುವಿಗೆ ಆ ವ್ಯವಸ್ಥೆ ಇಲ್ಲ. ಅದನ್ನು ಮೂರು ವಾರದಲ್ಲಿ ನಾವು ಕಟ್ಟಿಕೊಡಬೇಕು.

ಹೀಗೆ ಕಟ್ಟಿ. ಮೊದಲ ಮೆಟ್ಟಿಲು, ಮನೆಯಲ್ಲಿ ಮಗುವಿಗೆ ಬಹಳ ಸಲಿಗೆಯಿರುವ ಒಬ್ಬರು ಬೆನ್ನು ತಿರುಗಿಸಿ ಕೂರಲಿ, ಮಗು ನಿಂತು ಹೇಳಲಿ. ಎರಡನೆಯದು, ಅದೇ ವ್ಯಕ್ತಿ ಎದುರಿಗೆ ನೋಡುತ್ತಾ ಕೂರುವುದು. ಮೂರನೆಯದು, ಮೂರು ಮಂದಿ, ಅದರಲ್ಲಿ ಒಬ್ಬರು ಕಾಕಾನ ಮಗನಂಥ ಸಮವಯಸ್ಕರು. ನಾಲ್ಕನೆಯದು, ಕಟ್ಟೆಯ ಮೇಲೆ ಓಣಿಯ ಐದಾರು ಮಂದಿ. ಐದನೆಯದು, ತರಗತಿಯಲ್ಲಿ ಹತ್ತು ಗೆಳೆಯರು. ಆರನೆಯದು, ಖಾಲಿ ಸಭಾಂಗಣದ ವೇದಿಕೆ, ಮೈಕ್ ಹಚ್ಚಿ. ಏಳನೆಯದು, ಅದೇ ವೇದಿಕೆ, ಎದುರಿಗೆ ಬೇರೊಂದು ತರಗತಿ. ದಿನಕ್ಕೆ ಹತ್ತು ನಿಮಿಷ ಸಾಕು. ರವಿವಾರ ಒಂದೇ ಸಲ ಎರಡು ತಾಸು ಕೂರಿಸುವುದರಿಂದ ಲಾಭವಿಲ್ಲ.

ಮೆಟ್ಟಿಲು ಏರುವ ಲೆಕ್ಕ ಮಗುವಿನ ಬೆರಳಲ್ಲಿರಲಿ. ಹೇಳುವ ಮುಂಚೆ "ಅಂಜಿಕಿ ಎಷ್ಟ್ ಬೆರಳು?" ಎಂದು ಕೇಳಿ. ಹತ್ತು ಬೆರಳು ಅಂದರೆ ಓಡಿಹೋಗಬೇಕು ಅನ್ನುವಷ್ಟು. ಎಂಟು ಬೆರಳು ತೋರಿಸಿದರೆ ಅದೇ ಮೆಟ್ಟಿಲಲ್ಲಿ ಅದೇ ಪದ್ಯ ಮತ್ತೆ ಮತ್ತೆ ಹೇಳಿಸಿ, ನಾಲ್ಕಕ್ಕೆ ಇಳಿದ ಮೇಲೆ ಅವತ್ತಿನ ತಾಲೀಮು ನಿಲ್ಲಿಸಿ. ಹತ್ತು ನಿಮಿಷಕ್ಕೆ ಇಳಿಯದ ದಿನ ಇನ್ನೈದು ನಿಮಿಷ ಮುಂದುವರಿಸಿ. ಎಂಟರಲ್ಲಿ ನಿಲ್ಲಿಸಿದರೆ ಓಡಿ ಬಂದ ಹಾಗೇ ಆಗುತ್ತದೆ. ಅಂಜಿಕೆ ಒಂದೇ ಬೆರಳಿಗೆ ಇಳಿಯಲಿ ಎಂದು ಕಾಯುವುದೂ ಬೇಡ, ಸ್ವಲ್ಪ ಇದ್ದರೆ ದನಿಗೆ ಕಳೆ. ಒಂದು ಮೆಟ್ಟಿಲಿನಲ್ಲಿ ಮೂರು ದಿನವಾದರೂ ಇಳಿಯದಿದ್ದರೆ ಆ ಮೆಟ್ಟಿಲು ಎತ್ತರವಾಗಿದೆ ಎಂದರ್ಥ, ನಡುವೆ ಇನ್ನೊಂದು ಇಡಿ. ಬಹಳ ಅಂಜುವ ಮಗುವನ್ನು ಐದು ಮಕ್ಕಳು ಒಟ್ಟಿಗೆ ಹೇಳುವ ಗುಂಪಿನಲ್ಲಿ ಶುರುಮಾಡಿ ಮೂರು, ಎರಡು, ಆಮೇಲೆ ಒಂದು ಎಂದು ಇಳಿಸುವುದು ಇನ್ನೂ ಸುಲಭದ ದಾರಿ.

ಮೈಕಿನ ಬಗ್ಗೆ ಶಾಲೆಗಳು ಯೋಚಿಸುವುದೇ ಇಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಗು ಬಾಯಿ ತೆರೆದ ಕೂಡಲೇ ಎದುರಿಗಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯಿಂದ ತನ್ನದೇ ದನಿ ದಪ್ಪಗೆ, ಕ್ಷಣ ತಡವಾಗಿ ಬರುತ್ತದೆ. ಅದನ್ನು ಕೇಳುತ್ತಾ ನಿಂತರೆ ಮಾತು ತೊಡರುತ್ತದೆ. ಇದು ಮೊದಲ ಸಲ ಆಗುವುದು ಕಾರ್ಯಕ್ರಮದ ದಿನವಾಗಬಾರದು. ಮನೆಯಲ್ಲಿ ಲಟ್ಟಣಿಗೆ ಹಿಡಿದು ಅಭ್ಯಾಸ ಶುರುಮಾಡಿ: ಬಾಯಿಯಿಂದ ಮಗುವಿನ ನಾಲ್ಕು ಬೆರಳು ದೂರ, ಗದ್ದದ ಮಟ್ಟಕ್ಕೆ, ತುದಿ ಬಾಯಿಯ ಕಡೆ ಸ್ವಲ್ಪ ಓರೆ. ಬಾಯಿಗೆ ನೇರ ಹಿಡಿದರೆ ಪ, ಬ, ಭ ಅಕ್ಷರಗಳಿಗೆ ಪೆಟ್ಟಿಗೆ ಡಬ್ ಡಬ್ ಅನ್ನುತ್ತದೆ. ತಲೆ ಹೊರಳಿಸಿದಾಗ ಕೈಯೂ ಜೊತೆಗೆ ಬರಬೇಕು, ಇಲ್ಲದಿದ್ದರೆ ದನಿ ಮಾಯವಾಗುತ್ತದೆ. ಸ್ಟ್ಯಾಂಡ್ ಮೈಕ್ ಆದರೆ ನಿರೂಪಕರ ಎತ್ತರಕ್ಕೆ ಇರುವುದನ್ನು ಮಗು ಬರುವ ಮುಂಚೆ ಯಾರಾದರೂ ಇಳಿಸಲೇಬೇಕು. ಆ ಕೆಲಸಕ್ಕೆ ಒಬ್ಬ ಶಿಕ್ಷಕರನ್ನು ಹೆಸರು ಹಿಡಿದು ನೇಮಿಸಿ. ಮಗು ಮುಂಗಾಲಿನ ಮೇಲೆ ನಿಂತು ಕತ್ತು ಚಾಚಿ ಹೇಳುವಾಗ ಗಂಟಲು ಇನ್ನೂ ಬಿಗಿಯುತ್ತದೆ. ಇನ್ನು ಕುಂಯ್ ಎಂದು ಕೂಗುವ ಸದ್ದು. ಪೆಟ್ಟಿಗೆಯಿಂದ ಬಂದ ದನಿ ಮತ್ತೆ ಮೈಕಿಗೆ ಹೊಕ್ಕಾಗ ಅದು ಹುಟ್ಟುತ್ತದೆ. ಮಕ್ಕಳು ತಾವೇ ಏನೋ ತಪ್ಪು ಮಾಡಿದೆವು ಎಂದು ಹೆದರುತ್ತಾರೆ. ಪೆಟ್ಟಿಗೆಗಳನ್ನು ಮೈಕಿಗಿಂತ ಮುಂದೆ, ಮಂದಿಯ ಕಡೆ ಮುಖ ಮಾಡಿ ಇಡಲು ಸೌಂಡಿನವರಿಗೆ ಹೇಳಿ. ಕೂಗಿದರೆ ಹಿಂದೆ ಒಂದು ಹೆಜ್ಜೆ ಇಟ್ಟು ಸುಮ್ಮನಿರು, ನಿಂತ ಮೇಲೆ ಮುಂದಿನ ಸಾಲು ಹೇಳು ಎಂದು ಮಗುವಿಗೂ ಕಲಿಸಿರಿ.

ಹಾಡುವ ಮಕ್ಕಳಿಗೆ ಇನ್ನೊಂದು ಅಪಾಯವಿದೆ. ಅಂಜಿದಾಗ ಗಂಟಲು ಬಿಗಿದಿರುತ್ತದೆ ಅಂದೆನಲ್ಲ, ಹಾಗಾಗಿ ಆಧಾರ ಶ್ರುತಿ ಇಲ್ಲದೆ ಎತ್ತಿಕೊಂಡ ಹಾಡು ತಾಲೀಮಿಗಿಂತ ಎತ್ತರದಲ್ಲಿ ಶುರುವಾಗುತ್ತದೆ. ಮೊದಲ ಸಾಲು ಸರಿಯಾಗೇ ಕೇಳುತ್ತದೆ. ಅಂತರಾಕ್ಕೆ ಹೋದಾಗ ಮೇಲಿನ ಸ್ವರ ಸಿಗದೆ ದನಿ ಒಡೆಯುತ್ತದೆ. ಪೇಟಿ (ಹಾರ್ಮೋನಿಯಂ) ನುಡಿಸುವವರು ಇದ್ದರೆ ಅವರು ಷಡ್ಜ ಹಿಡಿದುಕೊಡಲಿ, ಇಲ್ಲದಿದ್ದರೆ ಮೊಬೈಲಿನ ತಾನಪುರ ಸಾಕು. ಅರ್ಧ ನಿಮಿಷ ಕೇಳಿ, ಬಾಯಿ ಮುಚ್ಚಿ ಗುನುಗಿ, ಆಮೇಲೆ ಎತ್ತಿಕೊಳ್ಳಲಿ. ಆ ಅರ್ಧ ನಿಮಿಷ ಉಸಿರನ್ನೂ ಇಳಿಸುತ್ತದೆ.

ಉಸಿರಿನ ಮಾತು ಬಂತು. "ದೊಡ್ಡ ಉಸಿರು ತಗೋ, ಇನ್ನೂ ತಗೋ" ಎನ್ನುವುದು ತಪ್ಪು ಸಲಹೆ. ಅಂಜಿದ ಮಗು ಮೇಲಿಂದ ಮೇಲೆ ಉಸಿರೆಳೆದರೆ ತಲೆ ಹಗುರಾಗಿ ಬೆರಳು ಜುಮ್ಮೆನ್ನುತ್ತವೆ, ಅಂಜಿಕೆ ಹೆಚ್ಚುತ್ತದೆ. ಹಿಡಿತ ಇರುವುದು ಬಿಡುವ ಉಸಿರಿನಲ್ಲಿ, ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಮೂರು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ, ಆರು ಎಣಿಸುವಷ್ಟು ಹೊತ್ತು ತುಟಿ ಸಣ್ಣಗೆ ಮಾಡಿ ಹೊರಗೆ. ಐದು ಸಲ. ಅವತ್ತೇ ಕಲಿಸಿದರೆ ನೆನಪಾಗುವುದಿಲ್ಲ, ಎರಡು ವಾರ ಮಲಗುವಾಗ ಮಾಡಿಸಿರಬೇಕು.

ಕಾರ್ಯಕ್ರಮದ ದಿನಕ್ಕೆ ಹೆಚ್ಚು ಹೇಳುವುದಿಲ್ಲ. ಎರಡು ತಾಸು ಮೊದಲು ಇಡ್ಲಿ, ಉಪ್ಪಿಟ್ಟು, ಮೊಸರನ್ನದಂಥ ಹಗುರ ಊಟ. ಬರಿಹೊಟ್ಟೆಯಲ್ಲಿ ನಡುಕ ಹೆಚ್ಚು. ಗಿರ್ಮಿಟ್, ಮಿರ್ಚಿ ಭಜಿ, ಚಹಾ ಆಮೇಲೆ. ನೀರು ಗುಟುಕು ಗುಟುಕಾಗಿ. ಕಾಲು ತಾಸು ಮೊದಲು ಒಂದಕ್ಕೆ ಕಳಿಸಿ. ಕಚ್ಚೆ ಸೀರೆಯನ್ನು ಹತ್ತು ಪಿನ್ನು ಹಾಕಿ ಬಿಗಿದಿದ್ದರೆ ಇದಕ್ಕೆ ಅವಕಾಶವೇ ಇರುವುದಿಲ್ಲ, ಅದನ್ನು ಮೊದಲೇ ಯೋಚಿಸಬೇಕು. ವೇಷ, ಕಿರೀಟ, ಗೆಜ್ಜೆ, ಅಂಟಿಸುವ ಮೀಸೆ, ಯಾವುದೇ ಇರಲಿ, ಎರಡು ಸಲವಾದರೂ ತಾಲೀಮಿನಲ್ಲಿ ಹಾಕಿರಬೇಕು. ಛದ್ಮವೇಷದಲ್ಲಿ ಮಕ್ಕಳು ಮಾತು ಮರೆಯುವುದಕ್ಕೆ ಎಷ್ಟೋ ಸಲ ಕಾರಣ ಕೆನ್ನೆ ತುರಿಸುವುದು.

ಗ್ಯಾದರಿಂಗ್ ನಡೆಸುವವರಿಗೆ ನನ್ನ ಕಳಕಳಿಯ ವಿನಂತಿ ಇದೆ. ಸಂಜೆ ನಾಲ್ಕಕ್ಕೆ ಬಣ್ಣ ಹಚ್ಚಿಸಿಕೊಂಡ ಮಗು, ಸ್ವಾಗತ, ಸನ್ಮಾನ, ವರದಿ ವಾಚನ, ಅತಿಥಿಗಳ ಭಾಷಣ ಎಲ್ಲ ಮುಗಿದು ರಾತ್ರಿ ಒಂಬತ್ತಕ್ಕೆ ವೇದಿಕೆ ಹತ್ತುತ್ತದೆ. ಅಂಜಿಕೆ ಬೆಳೆಯುವುದೇ ಆ ಕಾಯುವ ಹೊತ್ತಿನಲ್ಲಿ. ಒಂದನೆಯಿಂದ ನಾಲ್ಕನೆಯ ತರಗತಿಯ ಮಕ್ಕಳ ಕಾರ್ಯಕ್ರಮ ಸಭೆಗಿಂತ ಮೊದಲು ಮುಗಿಯಲಿ. ಪಟ್ಟಿಯಲ್ಲಿ ಬಹಳ ಅಂಜುವ ಮಗುವನ್ನು ಮೂರನೆಯದೋ ನಾಲ್ಕನೆಯದೋ ಇಡಿ. ಮೊದಲನೆಯದೂ ಬೇಡ, ಕೊನೆಯದೂ ಬೇಡ. ಎಲ್ಲಕ್ಕಿಂತ ಚೆಂದ ಕುಣಿಯುವ ತಂಡದ ಹಿಂದೆ ಒಂಟಿ ಮಗುವನ್ನು ಹಾಕಬೇಡಿ.

ವೇದಿಕೆಯ ಮೊದಲ ಇಪ್ಪತ್ತು ಸೆಕೆಂಡು ಮಗುವಿನ ಕಾಲಿಗೆ ಬಂದಿರಬೇಕು. ನಡೆದು ಬಂದು, ಸೀಮೆಸುಣ್ಣದ ಗುರುತಿನ ಮೇಲೆ ನಿಂತು, ಎರಡೂ ಪಾದ ಊರಿ, ಹಿಂದಿನ ಸಾಲಿನ ತಲೆಗಳ ಸ್ವಲ್ಪ ಮೇಲೆ ಎಡ, ನಡು, ಬಲ ಮೂರು ಕಡೆ ನೋಡಿ, ಉಸಿರು ಬಿಟ್ಟು, ಮೊದಲ ಸಾಲು. ಇಷ್ಟನ್ನೇ ಹತ್ತು ಸಲ ಮಾಡಿಸಿ. "ನಾ ಮುಂದ ಕುಂತಿರ್ತೀನಿ, ನನ್ನ ನೋಡಿ ಹೇಳು" ಅಂತ ಅವ್ವ ಹೇಳಿರುತ್ತಾಳೆ. ರಾತ್ರಿ ವೇದಿಕೆಯ ಬೆಳಕಿನಲ್ಲಿ ಕೆಳಗಿನವರು ಕಾಣುವುದೇ ಇಲ್ಲ. ಅವ್ವನನ್ನು ಹುಡುಕುವುದರಲ್ಲೇ ಪದ್ಯ ಹೋಗುತ್ತದೆ. ಹಗಲಿನ ಶಾಮಿಯಾನದಲ್ಲಾದರೆ ಆ ಮಾತು ನಡೆಯುತ್ತದೆ, ಕೂರುವ ಜಾಗವನ್ನು ಮೊದಲೇ ತೋರಿಸಿರಬೇಕು.

ನಿಂತೇಹೋದರೆ? ವೇದಿಕೆಯ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್‌ನಲ್ಲಿ, ಮಗುವಿಗೆ ಕಾಣುವ ಹಾಗೆ ಒಬ್ಬರೇ ನಿಂತಿರಲಿ. ನಾಲ್ಕು ಮಂದಿ ನಾಲ್ಕು ಕಡೆಯಿಂದ ಪಿಸುಗುಟ್ಟಬಾರದು. ಮೂರು ಸೆಕೆಂಡು ಕಾಯಿರಿ, ಮಗುವೇ ಹಿಡಿದುಕೊಳ್ಳಬಹುದು. ಆಮೇಲೆ ಮರೆತ ಶಬ್ದ ಹೇಳಿಕೊಡಬೇಡಿ, ಮುಂದಿನ ಗೂಟದ ಮೊದಲ ಎರಡು ಶಬ್ದ ಕೊಡಿ. ಅತ್ತುಬಿಟ್ಟರೆ ಶಿಕ್ಷಕರು ಅವಸರವಿಲ್ಲದೆ ನಡೆದುಹೋಗಿ, ಮಗುವಿನ ಎತ್ತರಕ್ಕೆ ಕೂತು, "ಕೊನೀ ಎರಡ್ ಸಾಲು ಇಬ್ರೂ ಕೂಡಿ ಹೇಳೂಣ" ಅನ್ನಲಿ. ಮಗು ತುಟಿ ಅಲ್ಲಾಡಿಸಿದರೂ ಸಾಕು. ನಮಸ್ಕಾರ ಮಾಡಿ, ಚಪ್ಪಾಳೆಯ ನಡುವೆ, ತನ್ನ ಕಾಲಿನ ಮೇಲೆ ನಡೆದು ಕೆಳಗೆ ಬರಬೇಕು. ಎತ್ತಿಕೊಂಡು ಓಡಿ ಬಂದರೆ ಅದೇ ನೆನಪಾಗಿ ಉಳಿಯುತ್ತದೆ. ಹತ್ತಲೇ ಒಲ್ಲೆ ಅಂದ ಮಗುವನ್ನು ದೂಡಬೇಡಿ. ಆದರೆ ಮನೆಗೂ ಕಳಿಸಬೇಡಿ. ಗುಂಪಿನ ಹಿಂದೆ ನಿಲ್ಲುವುದು, ಹೂಗುಚ್ಛದ ತಟ್ಟೆ ಹಿಡಿಯುವುದು, ಏನಾದರೊಂದು ಸಣ್ಣ ಕೆಲಸಕ್ಕೆ ವೇದಿಕೆ ಹತ್ತಿ ಇಳಿಯಲಿ.

ಮಾತುಗಳ ಬಗ್ಗೆ ಎರಡು ಸೂಚನೆ. "ಮಂದಿ ನಗ್ತಾರ ನೋಡು", "ಬಾಜೂ ಮನಿ ಹುಡುಗಿ ನೋಡು ಹೆಂಗ್ ಹೇಳ್ತಾಳ" ಇವು ಬೇಡ ಅಂತ ನಿಮಗೆ ಗೊತ್ತು. "ಅಂಜಬ್ಯಾಡ" ಅನ್ನುವುದೂ ಕೆಲಸ ಮಾಡುವುದಿಲ್ಲ, ಎದೆ ಬಡಿಯುತ್ತಿರುವ ಮಗುವಿಗೆ ಅದು ಅಸಾಧ್ಯದ ಅಪ್ಪಣೆ. ಅದರ ಬದಲು "ಕೈ ನಡಗಿದ್ರ ನಡಗ್ಲಿ, ನೀ ಸಾಲು ಹೇಳ್ಕೋತ ಹೋಗು, ಮಂದೀಗೆ ಅದು ಕಾಣೂದಿಲ್ಲ" ಅನ್ನಿ. ಕೊನೆಯ ಮಾತಿಗೆ ಆಧಾರವಿದೆ. 2003ರಲ್ಲಿ ಸವಿಟ್ಸ್ಕಿ ಮತ್ತು ಗಿಲೋವಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಅಳುಕು ನಾವು ತಿಳಿದಷ್ಟು ಹೊರಗೆ ಕಾಣುವುದಿಲ್ಲ ಎಂದು ಮೊದಲೇ ತಿಳಿಸಿಕೊಟ್ಟವರ ಭಾಷಣ ಉಳಿದವರಿಗಿಂತ ಚೆನ್ನಾಗಿ ಆಯಿತು. ಕೆಳಗಿಳಿದ ಮೇಲೆ "ಯಾಕ ಮರತಿ?" ಎಂದು ಕೇಳದೆ "ಯಾವ ಸಾಲು ಹೇಳುವಾಗ ಛಲೋ ಅನಿಸ್ತು?" ಎಂದು ಕೇಳಿ. ತಡವರಿಸಿದ ವಿಡಿಯೋ ಬಂಧುಗಳ ವಾಟ್ಸಾಪ್ ಗುಂಪಿಗೆ ಹೋಗಬಾರದು, ಎಷ್ಟು ಮುದ್ದಾಗಿದ್ದರೂ ಸರಿ.

ವಯಸ್ಸಿನಿಂದ ವಯಸ್ಸಿಗೆ ಅಂಜಿಕೆ ಬೇರೆ. ನಾಲ್ಕು ವರ್ಷದ ಮಗುವಿಗೆ ಅಪರಿಚಿತ ಜಾಗ ಮತ್ತು ಸದ್ದಿನ ಹೆದರಿಕೆ. ಜಾಗ ತೋರಿಸಿದರೆ ಅರ್ಧ ಹೋಗುತ್ತದೆ. ಏಳೆಂಟರ ಹೊತ್ತಿಗೆ ತನ್ನನ್ನು ಇತರರ ಜೊತೆ ಹೋಲಿಸಿಕೊಳ್ಳುವುದು ಶುರುವಾಗುತ್ತದೆ. ಹನ್ನೆರಡು ದಾಟಿದ ಮೇಲೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನುವ ಭಾವ ಬಲವಾಗುತ್ತದೆ, 1967ರಲ್ಲೇ ಡೇವಿಡ್ ಎಲ್ಕಿಂಡ್ ಇದನ್ನು ವಿವರಿಸಿದ್ದಾರೆ. ಐದನೆಯ ತರಗತಿಯ ತನಕ ಹುರುಪಿನಿಂದ ಕುಣಿಯುತ್ತಿದ್ದ ಹುಡುಗಿ ಎಂಟಕ್ಕೆ ಬಂದು "ನಾ ಒಲ್ಲೆ" ಅಂದರೆ ಅವಳ ಕಲೆ ಹೋಗಿಲ್ಲ. ಒಂದೆರಡು ವರ್ಷ ಗುಂಪಿನಲ್ಲಿ ಇರಲು ಬಿಡಿ, ಪೂರ್ತಿ ಬಿಡಿಸಬೇಡಿ.

ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದೆ.

ಎದೆಬಡಿತ ಇಳಿಸುವ ಮಾತ್ರೆ ಇದೆಯಂತೆ, ಕೊಡಬಹುದೇ ಎಂದು ಒಬ್ಬ ಪಾಲಕರು ಕೇಳಿದರು. ಪ್ರೊಪ್ರನಲಾಲ್ ಎಂಬ ಮಾತ್ರೆಯನ್ನು ದೊಡ್ಡ ಕಲಾವಿದರಲ್ಲಿ ಕೆಲವರು ವೈದ್ಯರ ಸಲಹೆಯ ಮೇಲೆ ತೆಗೆದುಕೊಳ್ಳುವುದು ನಿಜ. ಮಕ್ಕಳಿಗೆ ನೀವಾಗಿ ಕೊಡಲೇಬೇಡಿ. ದಮ್ಮು ಇರುವ ಮಗುವಿಗೆ ಅದು ಪ್ರಾಣಕ್ಕೆ ಅಪಾಯ. ಅಂಜಿಕೆ ವೇದಿಕೆಗಷ್ಟೇ ಇರದೆ, ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳು ದಾಟಿದರೂ ಯಾರೊಂದಿಗೂ ಬಾಯಿ ಬಿಡದಿದ್ದರೆ, ಶಾಲೆಗೇ ಹೋಗಲು ಒಪ್ಪದಿದ್ದರೆ, ವಾರಗಟ್ಟಲೆ ನಿದ್ದೆ ಊಟ ಕೆಟ್ಟರೆ ತಜ್ಞರಿಗೆ ತೋರಿಸಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಉಗ್ಗುವ ಮಗುವನ್ನು ವೇದಿಕೆಯಿಂದ ದೂರ ಇಡಬೇಕೇ ಎಂದು ಒಬ್ಬ ಅಕ್ಕೋರು ಕೇಳಿದರು. ಬೇಡ. ಹಾಡುವಾಗ, ಇತರರ ಜೊತೆ ಒಟ್ಟಿಗೆ ಹೇಳುವಾಗ ಹೆಚ್ಚಿನ ಮಕ್ಕಳಿಗೆ ಉಗ್ಗು ಕಡಿಮೆಯಾಗುತ್ತದೆ, ಅಲ್ಲಿಂದ ಶುರುಮಾಡಿ. ವಾಕ್ ತರಬೇತಿಯವರನ್ನು ಕಂಡು ಅವರ ಸಲಹೆಯಂತೆ ನಡೆಯಿರಿ. ಕಂಠಪಾಠದ ನಿರ್ಣಾಯಕರಿಗೆ ಮೊದಲೇ ತಿಳಿಸಿ, ಗಂಟೆ ಬಾರಿಸಿ ಸಮಯ ಮುಗಿಯಿತು ಎನ್ನುವುದನ್ನು ಆ ಮಗುವಿಗೆ ಸಡಿಲಿಸಲು ಕೇಳಿ.

ಈ ವರ್ಷ ಅತ್ತು ಇಳಿದ ಮಗುವನ್ನು ಮುಂದಿನ ವರ್ಷ ಮತ್ತೆ ಹತ್ತಿಸಬೇಕೇ ಎಂಬುದು ಕೊನೆಯ ಪ್ರಶ್ನೆ. ಮುಂದಿನ ವರ್ಷದ ತನಕ ಕಾಯಬೇಡಿ. ಹತ್ತು ದಿನದೊಳಗೆ ಶುರುವಾಗಬೇಕು, ಅದಕ್ಕೆ ಬೆಳಗಿನ ಪ್ರಾರ್ಥನೆಯಷ್ಟು ಒಳ್ಳೆಯ ವೇದಿಕೆ ಇನ್ನೊಂದಿಲ್ಲ. ಮೊದಲ ದಿನ ಗೆಳೆಯನ ಪಕ್ಕ ನಿಂತು ಫಲಕ ಹಿಡಿಯಲಿ. ಎರಡು ದಿನ ಬಿಟ್ಟು ಇವತ್ತಿನ ವಾರ, ತಾರೀಖು ಹೇಳಲಿ. ಮುಂದಿನ ವಾರ ಒಂದು ಗಾದೆ ಮಾತು, ಕೈಯಲ್ಲಿ ಚೀಟಿ ಇರಲಿ, ನೋಡಿಯೇ ಓದಲಿ. ಆಮೇಲೆ ಎರಡು ಸಾಲಿನ ಸುದ್ದಿ. ಚೀಟಿಯಿಂದ ತಲೆ ಎತ್ತು ಎಂದು ನೀವು ಹೇಳಬೇಡಿ, ಮೂರು ನಾಲ್ಕು ಸಲ ಓದಿದ ಮೇಲೆ ಮಕ್ಕಳು ತಾವೇ ತಲೆ ಎತ್ತುತ್ತಾರೆ. ತಿಂಗಳಿಡೀ ಇಷ್ಟೇ ಮಾಡಿಸಿ. ಅದಾದ ಮೇಲೆ ಅತ್ತ ದಿನದ ಅದೇ ಪದ್ಯವನ್ನು ತರಗತಿಯಲ್ಲಿ ಹತ್ತು ಮಕ್ಕಳ ಎದುರು ಹೇಳಿಸಿ. ಬೇರೆ ಪದ್ಯ ಬೇಡ, ಅದೇ ಇರಲಿ.